ಪುಸ್ತಕವನ್ನು ಕಿರಿಯವಳಿಗೆ ಮಾತ್ರ ಏಕೆ ಕೊಟ್ಟಿರಿ?

ಮೈಬಣ್ಣದ ಬಗ್ಗೆ ಮನೆಯವರೇ ಆಡಿದ ಮಾತಿನಿಂದ ಮಗುವಿಗೆ ಆದ ನೋವನ್ನು ಒಂದು ಒಳ್ಳೆಯ ಪುಸ್ತಕ ಮಾಯಿಸುತ್ತದೆ ಎಂಬ ನಂಬಿಕೆಯಿಂದ ನನ್ನ ಬಳಿ ಆಪ್ತಸಲಹೆಗೆ ಬರುವ ತಂದೆತಾಯಂದಿರು ಈಚೆಗೆ ಹೆಚ್ಚುತ್ತಿದ್ದಾರೆ. “ಯಾವ ಪುಸ್ತಕ ಓದಿಸಲಿ, ಮೇಡಂ?” ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುವುದರಿಂದ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಬರೆಯುತ್ತಿದ್ದೇನೆ.

ಹುಡುಗಿಗೆ ಒಂಬತ್ತು ವರ್ಷ. ಅಕ್ಕ ತಾಯಿಯಂತೆ ಬೆಳ್ಳಗಿದ್ದಾಳೆ. ಇವಳದು ತಂದೆಯ ಬಣ್ಣ. ಶಾಲೆಯ ವಾರ್ಷಿಕೋತ್ಸವದ ನೃತ್ಯದಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದ ಮೇಲೆ ಬಚ್ಚಲಮನೆಯಲ್ಲಿ ಮುಖವನ್ನು ಚರ್ಮ ಕೆಂಪಾಗುವಷ್ಟು ತಿಕ್ಕಿಕೊಳ್ಳತೊಡಗಿದ್ದಳು. ಗಾಬರಿಯಾದ ತಾಯಿ ನಟಿ ಲುಪಿಟಾ ನ್ಯೊಂಗೊ ಅವರ ‘ಸುಲ್ವೆ’ ಎಂಬ ಚಿತ್ರಪುಸ್ತಕವನ್ನು ತರಿಸಿ, ಮಲಗುವ ಮುನ್ನ ಕನ್ನಡದಲ್ಲಿ ಅರ್ಥ ಹೇಳುತ್ತ ಓದಿದರು. ಮಗು ಅದನ್ನು ಮಂಚದ ಕೆಳಗೆ ತಳ್ಳಿತು.

2019ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ನಾನು ಮೆಚ್ಚುತ್ತೇನೆ. ನಡುರಾತ್ರಿಯ ಬಣ್ಣದ ಸುಲ್ವೆ ರಬ್ಬರಿನಿಂದ ಮೈ ಉಜ್ಜಿ ನೋಡುತ್ತಾಳೆ, ತಿಳಿಬಣ್ಣದ ತಿನಿಸುಗಳನ್ನೇ ತಿನ್ನುತ್ತಾಳೆ, ದೇವರಲ್ಲಿ ಬೇಡಿಕೊಳ್ಳುತ್ತಾಳೆ. ಕೊನೆಗೆ ನಕ್ಷತ್ರವೊಂದು ಬಂದು ರಾತ್ರಿ ಮತ್ತು ಹಗಲು ಎಂಬ ಅಕ್ಕತಂಗಿಯರ ಕಥೆ ಹೇಳುತ್ತದೆ: ಜನರ ಚುಚ್ಚುಮಾತಿಗೆ ನೊಂದ ರಾತ್ರಿ ಹೊರಟುಹೋಗುತ್ತಾಳೆ, ಮುಗಿಯದ ಬೆಳಕಿನಿಂದ ಜನ ಬಳಲುತ್ತಾರೆ, ಹಗಲೇ ಹೋಗಿ ಅವಳನ್ನು ಕರೆತರುತ್ತಾಳೆ.

ನಮ್ಮ ಎರಡನೆಯ ಭೇಟಿಯಲ್ಲಿ ಪುಟಗಳನ್ನು ಮಗುವಿನೊಂದಿಗೆ ತಿರುವಿ, ಯಾವುದು ಇಷ್ಟವಾಗಲಿಲ್ಲ ಎಂದು ಕೇಳಿದೆ. “ಅವರಿಗೆ ಕಷ್ಟ ಆಯ್ತು ಅಂತ ರಾತ್ರೀನ ಕರೆದರು, ಅಷ್ಟೇ” ಎಂದಳು. ಬೇಕಾದಾಗ ಮಾತ್ರ ಸಿಗುವ ಮೆಚ್ಚುಗೆಯನ್ನು ಅವಳು ಒಪ್ಪಲು ಸಿದ್ಧಳಿರಲಿಲ್ಲ. ವಿಮರ್ಶೆಯಾಗಿ ಇದು ನನ್ನ ಮೆಚ್ಚುಗೆಗಿಂತ ಹರಿತವಾಗಿತ್ತು. ತಾಯಿ ನಡುವೆ ಬಂದು, “ಹಾಗಲ್ಲ ಪುಟ್ಟಿ, ನೀನೂ ಚೆಂದ ಅಂತ ಹೇಳೋಕೆ ಈ ಕಥೆ” ಎಂದರು. ಮಗು ಅವರತ್ತ ತಿರುಗಿ, “ಮತ್ತೆ ಅಕ್ಕನಿಗೆ ಯಾಕೆ ಓದಿಸಲಿಲ್ಲ? ಕರಿಕಾಗೆ ಅನ್ನೋದು ಅವಳು ತಾನೇ?” ಎಂದು ಕೇಳಿತು. ತಾಯಿಗೆ ಉತ್ತರ ಹೊಳೆಯಲಿಲ್ಲ. ಅಕ್ಕ ಹೊರಗಿನ ಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕುಳಿತಿದ್ದಳು.

ಮನೆಮಂದಿಯಲ್ಲಿ ಒಬ್ಬಳಿಗೇ ಪಥ್ಯ ಹಾಕಿದಂತೆ ಪುಸ್ತಕವನ್ನು ಕೊಟ್ಟಾಗ, ಅದರೊಳಗೆ ಏನೇ ಬರೆದಿದ್ದರೂ, ಕೊರತೆ ತನ್ನಲ್ಲಿಯೇ ಇದೆ ಎಂಬುದನ್ನು ಮಗು ಮೊದಲು ಓದಿಕೊಳ್ಳುತ್ತದೆ. ಆದ್ದರಿಂದ ನಾನು ಕೊಟ್ಟ ಸಲಹೆ ಹಿರಿಯ ಮಗಳಿಂದ ಆರಂಭವಾಯಿತು: ಪುಸ್ತಕವನ್ನು ಅವಳು ಗಟ್ಟಿಯಾಗಿ ಓದಲಿ, ಅಪ್ಪನೂ ಅಜ್ಜಿಯೂ ಕೇಳಲಿ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲರಲ್ಲಿಯೂ ಸರಿಸುಮಾರು ಒಂದೇ, ಅವು ಎಷ್ಟು ಮತ್ತು ಯಾವ ಬಗೆಯ ಮೆಲನಿನ್ ತಯಾರಿಸುತ್ತವೆ ಎಂಬುದರಲ್ಲಿಯೇ ವ್ಯತ್ಯಾಸವಿದೆ ಎಂಬುದನ್ನು ಇಬ್ಬರು ಮಕ್ಕಳಿಗೂ ತಿಳಿಸಿ, ಕಿರಿಯವಳು ಕಥೆಯ ಮುಕ್ತಾಯವನ್ನು ಒಪ್ಪದಿದ್ದರೆ ಒಪ್ಪಿಸಲು ಹೋಗಬೇಡಿ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಟ್ಯೂಬೊಂದನ್ನು ಮಗುವಿನ ಮುಖಕ್ಕೂ ಹಚ್ಚಲಾಗುತ್ತಿತ್ತು. ಅದರ ಮೇಲೆ ಚರ್ಮದ ಬಣ್ಣವನ್ನು ತಿಳಿಯಾಗಿಸುವ ಹೈಡ್ರೊಕ್ವಿನೋನ್ ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್‌ನ ಹೆಸರಿತ್ತು. ಇಂಥವನ್ನು ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಮ್ಮೆಲೇ ಬಿಟ್ಟರೆ ಉರಿ, ಕೆಂಪು, ಮೊಡವೆ ಕೆರಳಬಹುದು. ಇದು ಆಪ್ತಸಲಹೆಯಿಂದ ಬಗೆಹರಿಯುವ ವಿಷಯವಲ್ಲವಾದ್ದರಿಂದ ಅಂದೇ ಚರ್ಮರೋಗ ವೈದ್ಯರ ಬಳಿಗೆ ಕಳುಹಿಸಿದೆ.

ಮಗುವಿನ ಎದುರಿಗೇ ತಾಯಿಯನ್ನು ತಪ್ಪಿತಸ್ಥೆಯನ್ನಾಗಿ ಮಾಡಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನನಗೆ ಹಾಗೆನಿಸುವುದಿಲ್ಲ. ಬಸುರಿನಲ್ಲಿ ಮಗು ಬೆಳ್ಳಗಾಗಲೆಂದು ಅತ್ತೆ ಕೊಟ್ಟ ಕೇಸರಿ ಹಾಲನ್ನು ಕುಡಿದವರು ಈ ತಾಯಿ. ಹೆರಿಗೆಯ ನಂತರ “ಕಪ್ಪಾದರೂ ಲಕ್ಷಣವಾಗಿದೆ” ಎಂಬ ಸಮಾಧಾನವನ್ನು ಬಂದುಹೋದವರಿಂದೆಲ್ಲ ಕೇಳಿಸಿಕೊಂಡವರೂ ಅವರೇ. ಮಗುವಿನ ಆತ್ಮವಿಶ್ವಾಸವನ್ನು ಹೆಚ್ಚಿಸಿ ಅದೇ ಮನೆಗೆ ಅದೇ ಮಾತುಗಳ ನಡುವೆ ಕಳುಹಿಸುವುದು ನನಗೆ ಸಲಹೆಯೆನಿಸುವುದಿಲ್ಲ.

ಹಬ್ಬದ ಮುಂಚೆ ಕಿರಿಯವಳೊಬ್ಬಳಿಗೇ ಕಡಲೆಹಿಟ್ಟು ಹಚ್ಚುವ ಅಜ್ಜಿಯನ್ನು ತಡೆಯುವುದು ಹೇಗೆಂದು ತಾಯಿ ಕೇಳಿದರು. ಸೊಸೆಯಾಗಿ ನೀವು ಹೇಳಿದರೆ ಅದು ಅತ್ತೆಸೊಸೆಯರ ಜಗಳವಾಗಿಬಿಡುತ್ತದೆ, ಆ ಮಾತನ್ನು ಅವರ ಮಗನೇ ಹೇಳಬೇಕು ಎಂದೆ. ಮಗಳಿಗೆ ತನ್ನ ಬಣ್ಣವನ್ನೇ ಕೊಟ್ಟ ತಂದೆ ಅಲ್ಲಿಯವರೆಗೆ ಒಂದು ಭೇಟಿಗೂ ಬಂದಿರಲಿಲ್ಲ. ಮುಂದಿನ ಭೇಟಿಯನ್ನು ಅವರಿಗೆ ರಜೆಯಿರುವ ದಿನಕ್ಕೆ ಗೊತ್ತುಮಾಡಿದೆ.