ಚಳಿ ಇತ್ತೇನೇ ಅವತ್ತು?

"ಅಕ್ಕಾ, ಜೂನ್ ತಿಂಗಳಲ್ಲಿ ಇಲ್ಲಿ ಬೆತ್ತಲೆ ಸೈಕಲ್ ಸವಾರಿ ನಡೆಯುತ್ತಂತೆ. ನಮ್ಮ ಕ್ಲಾಸಿನವರು ಹೋಗ್ತಿದಾರೆ, ತಯಾರಿಗೂ ನನ್ನನ್ನ ಸೇರಿಸಿಕೊಂಡಿದಾರೆ. ಬಟ್ಟೆ ಬಿಚ್ಚಲೇಬೇಕಾ? ಪೊಲೀಸರು ಹಿಡೀತಾರಾ? ವೀಸಾಗೆ ಏನಾದ್ರೂ ತೊಂದರೆ ಆಗುತ್ತಾ? ಮನೇಲಿ ಹೇಳಬೇಕಾ?"

ಯುಗಾದಿ ಊಟದ ದಿನ ಎಲ್ಲರೆದುರು ಕೇಳೋಕಾಗದೆ ಮನೆಗೆ ಹೋದಮೇಲೆ ರಾತ್ರಿ ಹನ್ನೊಂದೂವರೆಗೆ ಇದನ್ನು ಕಳಿಸಿದೀಯ. ಫೋನಿನಲ್ಲಿ ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋ ವಿಷಯ ಅಲ್ಲ ಇದು. ನಿನ್ನ ಹಾಗೇ ಮನಸ್ಸಲ್ಲೇ ಇಟ್ಟುಕೊಂಡು ಓಡಾಡ್ತಿರೋ ಬೇರೆ ಮಕ್ಕಳೂ ಇದ್ದಾರು, ಅವರಿಗೂ ಆಗಲಿ ಅಂತ ಬರೀತಿದೀನಿ.

ನಾನು ಲಂಡನ್ನಿಗೆ ಬಂದಿದ್ದು 2003ರಲ್ಲಿ. ಮೂರನೇ ವರ್ಷದ ಜೂನ್ ತಿಂಗಳ ಒಂದು ಶನಿವಾರ ಟೂಟಿಂಗ್‌ನಲ್ಲಿ ಕರಿಬೇವು, ನುಗ್ಗೇಕಾಯಿ ಕೊಂಡು, ಅದೇ ಚೀಲ ಹಿಡಿದುಕೊಂಡು ಪಿಕಾಡಿಲಿಗೆ ಬಂದಿದ್ದೆ. ರಸ್ತೆ ದಾಟೋಣ ಅಂತ ನಿಂತರೆ ಒಂದೂ ಕಾರು ಬರ್ತಿಲ್ಲ. ಆಮೇಲೆ ಸೈಕಲ್ ಬೆಲ್ಲಿನ ಸದ್ದು. ನೂರಾರು ಜನ. ಕೆಲವರ ಮೈಮೇಲೆ ಬಣ್ಣ, ಕೆಲವರ ಮೈಮೇಲೆ ಏನೂ ಇಲ್ಲ, ಕೆಲವರು ಚಡ್ಡಿ ಬನಿಯನ್ನಿನಲ್ಲಿ. ಅರವತ್ತು ದಾಟಿದ ಒಬ್ಬ ಹೆಂಗಸು, ಹೊಟ್ಟೆಯ ಮೇಲೆ ಆಪರೇಷನ್ನಿನ ಉದ್ದ ಗಾಯದ ಗುರುತು, ನನ್ನ ಕಡೆ ಕೈ ಬೀಸಿ ಹೋದರು. ನಾನು ತಲೆ ತಗ್ಗಿಸಿ ಚೀಲದೊಳಗಿನ ನುಗ್ಗೇಕಾಯಿ ನೋಡುತ್ತಾ ನಿಂತೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೆ ಆ ಗಾಯದ ಗುರುತು ತುಂಬಾ ದಿನ ಕಣ್ಣಿಂದ ಹೋಗಲಿಲ್ಲ.

ಈಗ ನಿನ್ನ ಪ್ರಶ್ನೆಗಳು. ಬಟ್ಟೆ ಬಿಚ್ಚಲೇಬೇಕು ಅಂತ ಇಲ್ಲ. ಯಾರಿಗೆ ಎಷ್ಟು ಧೈರ್ಯವೋ ಅಷ್ಟು, ಅದೇ ಅಲ್ಲಿಯ ನಿಯಮ. ಪೂರ್ತಿ ಬಟ್ಟೆಯಲ್ಲಿ ಬಂದವರನ್ನೂ ಯಾರೂ ಯಾಕೆ ಅಂತ ಕೇಳಲ್ಲ. ಯಾರಾದರೂ ಒತ್ತಾಯ ಮಾಡಿದರೆ, ಗೆಳತಿಯೇ ಆಗಿರಲಿ, ಅವರ ಜೊತೆ ಹೋಗಬೇಡ.

ಪೊಲೀಸರ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬರಿಮೈಯಲ್ಲಿ ಇರೋದೇ ಅಪರಾಧ ಅಲ್ಲ. 2003ರ ಲೈಂಗಿಕ ಅಪರಾಧಗಳ ಕಾಯ್ದೆಯ 66ನೇ ಸೆಕ್ಷನ್ ಹೇಳೋದು, ನೋಡಿದವರಿಗೆ ಗಾಬರಿ ಅಥವಾ ನೋವು ಆಗಲಿ ಅನ್ನೋ ಉದ್ದೇಶದಿಂದಲೇ ಗುಪ್ತಾಂಗ ತೋರಿಸಿದರೆ ಅಪರಾಧ ಅಂತ. ಸವಾರಿಯಲ್ಲಿ ಆ ಉದ್ದೇಶ ಇಲ್ಲ. ಸ್ಕಾಟ್ಲೆಂಡಿನ ಕಾನೂನು ಬೇರೆ, ಇದನ್ನೇ ನಂಬಿಕೊಂಡು ಎಡಿನ್‌ಬರೊಗೆ ಹೋಗಬೇಡ. ವೀಸಾಗೆ ಶಾಂತವಾದ ಮೆರವಣಿಗೆಯಿಂದ ಏನೂ ಆಗಲ್ಲ, ಆದರೆ ಕೋರ್ಟಿನಲ್ಲಿ ಶಿಕ್ಷೆಯಾದರೆ ಆಗುತ್ತೆ. 2022 ಮತ್ತು 2023ರಲ್ಲಿ ಪ್ರತಿಭಟನೆಯ ಕಾನೂನುಗಳನ್ನು ಇಲ್ಲಿ ಬಿಗಿ ಮಾಡಿದಾರೆ. ರಸ್ತೆಗೆ ಅಂಟಿಕೊಂಡು ಕೂರೋದು, ಗೇಟಿಗೆ ಬೀಗ ಹಾಕಿಕೊಳ್ಳೋದು, ಇಂಥದ್ದಕ್ಕೆ ಕರೆದರೆ ಕೈ ಮುಗಿದು ಬಂದುಬಿಡು. ಅವರು ಇಲ್ಲಿಯ ಮಕ್ಕಳು, ನೀನು ಬೇರೆಯವರ ಮನೆಯಲ್ಲಿ ಓದ್ತಿರೋಳು. ಉಳಿದಿದ್ದನ್ನು ನಿಮ್ಮ ಯೂನಿವರ್ಸಿಟಿಯಲ್ಲಿ ವೀಸಾ ಸಲಹೆ ಕೊಡೋರನ್ನೇ ಕೇಳು.

ತಯಾರಿಗೆ ಸೇರಿಕೊಂಡಿದೀಯ ಅಂದೆ, ಅದು ನನಗೆ ಖುಷಿ. ಸವಾರಿಯ ಅರ್ಧ ಕೆಲಸ ಅದೇ. ಮೆರವಣಿಗೆ ಅಂದಮೇಲೆ 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪೂರ್ತಿ 6 ದಿನ ಮುಂಚೆ ಪೊಲೀಸರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ದಿನ, ಹೊರಡೋ ಹೊತ್ತು, ದಾರಿ, ನಡೆಸೋರ ಹೆಸರು ವಿಳಾಸ, ಎಲ್ಲಾ ಇರಬೇಕು. ಆ ಕಾಗದದಲ್ಲಿ ನಿನ್ನ ಹೆಸರು ಹಾಕಬೇಡ, ಇಲ್ಲೇ ಹುಟ್ಟಿದವರು ಹಾಕಲಿ. ನೀನು ದಾರಿ ನೋಡೋ ಕೆಲಸ ತಗೋ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನೋಡಿದರೆ ಉಪಯೋಗವಿಲ್ಲ, ಸವಾರಿ ಹೊರಡೋ ಹೊತ್ತಿಗೇ ಒಂದು ಶನಿವಾರ ಆ ದಾರಿಯನ್ನು ಸೈಕಲ್ಲಿನಲ್ಲಿ ಪೂರ್ತಿ ಸುತ್ತಬೇಕು. ಎಲ್ಲಿ ಕಲ್ಲು ಹಾಸಿದೆ, ಎಲ್ಲಿ ಸಿಗ್ನಲ್ ಬೇಗ ಕೆಂಪಾಗಿ ಗುಂಪು ಎರಡಾಗುತ್ತೆ, ಎಲ್ಲಿ ಬಸ್ಸು ತಿರುಗುತ್ತೆ, ಬರೆದುಕೋ. ಇಲ್ಲೂ ನಮ್ಮಲ್ಲಿಯ ಹಾಗೆ ಎಡಗಡೆ ಸಂಚಾರ, ಹಾಗಾಗಿ ಬಲಕ್ಕೆ ತಿರುಗೋ ಜಾಗಗಳೇ ಕಷ್ಟ. ಅಂಥ ಕಡೆ ಇಬ್ಬಿಬ್ಬರು ಸ್ವಯಂಸೇವಕರು ಸೈಕಲ್ ಅಡ್ಡ ನಿಲ್ಲಿಸಿ, ಕಾರಿನವರ ಕಡೆ ಮುಖ ಮಾಡಿ, ನಗುತ್ತಾ ನಿಂತಿರಬೇಕು. ನಗು ಮುಖ್ಯ. ಕೊನೆಯಲ್ಲಿ ಪಂಕ್ಚರ್ ಹಾಕೋಕೆ ಬರೋ ಒಬ್ಬರು ಇರಲೇಬೇಕು. ಬಿಚ್ಚಿದ ಬಟ್ಟೆ ನಿನ್ನ ಚೀಲದಲ್ಲೇ, ನಿನ್ನ ಸೈಕಲ್ಲಿನಲ್ಲೇ ಇರಲಿ. ಸೀಟಿನ ಮೇಲೆ ಹಾಸೋಕೆ ಒಂದು ಹಳೇ ಟವಲ್, ಕಾಲಿಗೆ ಶೂ. ಮೋಡ ಇದ್ದರೂ ಬಿಸಿಲಿನ ಕ್ರೀಮು ಹಚ್ಚಿಕೋ.

1986 ಅಂತ ಬರೆದಾಗ ನನಗೆ ಬೇರೆಯೇ ನೆನಪಾಗುತ್ತೆ. ನಾನು ಸೊರಬ ತಾಲ್ಲೂಕಿನವಳು, ಚಂದ್ರಗುತ್ತಿ ನಮಗೆ ದೂರ ಇಲ್ಲ. ಆ ವರ್ಷ ನನಗೆ ಒಂಬತ್ತು. ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಿ ಅಂತ ಬಂದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಹೊಡೆದು, ಬಟ್ಟೆ ಕಿತ್ತಿತ್ತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಹರಕೆಯ ಹೆಸರಲ್ಲಿ ವರದಾ ಹೊಳೆಯಲ್ಲಿ ಮಿಂದು ಬರಿಮೈಯಲ್ಲಿ ಗುಡ್ಡ ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಮನೆಗಳ ಹೆಂಗಸರು, ನನ್ನಷ್ಟೇ ವಯಸ್ಸಿನ ಹುಡುಗಿಯರು. ನಮ್ಮ ಮನೆಯ ಜಗಲಿಯಲ್ಲಿ ದೊಡ್ಡವರು ದನಿ ತಗ್ಗಿಸಿ ಮಾತಾಡ್ತಿದ್ದಿದ್ದು, ನಾವು ಹೋದರೆ ಸುಮ್ಮನಾಗುತ್ತಿದ್ದಿದ್ದು ನೆನಪಿದೆ. ಬೆತ್ತಲೆ ಅನ್ನೋ ಮಾತು ನನ್ನ ಕಿವಿಗೆ ಬಿದ್ದಿದ್ದೇ ಹಾಗೆ. ಆ ಹುಡುಗಿಯರನ್ನು ಒಲ್ಲೆ ಅನ್ನೋಕೆ ಯಾರೂ ಬಿಡಲಿಲ್ಲ. ಪಿಕಾಡಿಲಿಯ ಆ ಹೆಂಗಸಿಗೆ ಯಾವ ಹೊತ್ತಿನಲ್ಲಿ ಬೇಕಾದರೂ ಸೈಕಲ್ ನಿಲ್ಲಿಸಿ ಕೋಟು ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಇಷ್ಟು ಅರ್ಥವಾಗೋಕೆ ನನಗೆ ವರ್ಷಗಟ್ಟಲೆ ಬೇಕಾಯಿತು. ಮನೆಯಲ್ಲಿ ವಾದಕ್ಕೆ ಬಿದ್ದಾಗ ಶ್ರವಣಬೆಳಗೊಳದ ಗೊಮ್ಮಟನನ್ನು ಮಾತ್ರ ಎಳೆದು ತರಬೇಡ. ಅವನು ಎಲ್ಲ ಬಿಟ್ಟು ನಿಂತವನು, ನಾವು ಯಾವುದನ್ನೂ ಬಿಟ್ಟಿಲ್ಲ.

ಸವಾರಿ ಶುರುವಾಗಿದ್ದು 2004ರಲ್ಲಿ, ಕೆನಡಾದ ವ್ಯಾಂಕೂವರಿನ ಕಾನ್ರಾಡ್ ಶ್ಮಿಟ್ ಅವರ ಪ್ರಯತ್ನದಿಂದ. ಭೂಮಿಯ ಉತ್ತರ ಭಾಗದ ಊರುಗಳಲ್ಲಿ ಜೂನ್, ದಕ್ಷಿಣದಲ್ಲಿ ಮಾರ್ಚ್. ಪೆಟ್ರೋಲು ಡೀಸೆಲ್ಲಿಗೆ ಜೋತುಬಿದ್ದ ಬದುಕಿನ ವಿರುದ್ಧ ಇದು. ಜೊತೆಗೆ ಇನ್ನೊಂದು ಮಾತಿದೆ: ಸೈಕಲ್ಲಿನವರಿಗೆ ಸುತ್ತ ತಗಡಿಲ್ಲ, ಇರೋದು ಚರ್ಮ ಮಾತ್ರ. ಬಟ್ಟೆ ಹಾಕಿದಾಗ ಕಾಣದ ಆ ಚರ್ಮವನ್ನು ಒಂದು ದಿನ ಎಲ್ಲರಿಗೂ ಕಾಣೋ ಹಾಗೆ ಮಾಡೋದು. ಎಡಕ್ಕೆ ತಿರುಗೋ ಲಾರಿಯ ಪಕ್ಕ ಒಂದು ಸಲ ನಿಂತು ನೋಡು, ಇದು ತಾನೇ ಗೊತ್ತಾಗುತ್ತೆ. ನಿಲ್ಲಬೇಡ ಮಾರಾಯ್ತಿ, ಮಾತಿಗೆ ಹೇಳಿದೆ. ಲಾರಿಯ ಎಡಗಡೆ ಯಾವತ್ತೂ ನುಗ್ಗಬೇಡ, ಜೂನ್ ಆಗಲಿ ಡಿಸೆಂಬರ್ ಆಗಲಿ.

ನಾನು ಸೇರಿದ್ದು ಮಗನ ಕಾರಣಕ್ಕೆ. ನಮ್ಮ ಮನೆ ಲೂಯಿಶ್ಯಾಮ್ ಕಡೆ, ದಕ್ಷಿಣದ ವರ್ತುಲ ರಸ್ತೆಗೆ ಹತ್ತಿರ. ಮಗನಿಗೆ ನಾಲ್ಕರಲ್ಲೇ ಉಬ್ಬಸ ಶುರುವಾಯಿತು. ಶಾಲೆಯ ಚೀಲದಲ್ಲಿ ಊಟದ ಡಬ್ಬಿಗಿಂತ ಮೊದಲು ನೀಲಿ ಇನ್‌ಹೇಲರ್ ಇದೆಯಾ ನೋಡುತ್ತಿದ್ದೆ. ಇದೇ ಲೂಯಿಶ್ಯಾಮಿನಲ್ಲಿ, ಇದೇ ರಸ್ತೆಯ ಹತ್ತಿರ ಇದ್ದ ಎಲಾ ಅಡೂ-ಕಿಸ್ಸಿ-ಡೆಬ್ರಾ ಅನ್ನೋ ಹುಡುಗಿ 2013ರಲ್ಲಿ ಉಬ್ಬಸದಿಂದ ತೀರಿಕೊಂಡಳು, ಒಂಬತ್ತು ವರ್ಷಕ್ಕೆ. ಅವಳ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ 2020ರ ಡಿಸೆಂಬರಿನಲ್ಲಿ ಕರೋನರ್, ಅಂದರೆ ಸಾವಿನ ಕಾರಣ ವಿಚಾರಿಸೋ ಅಧಿಕಾರಿ, ತೀರ್ಪು ಕೊಟ್ಟರು. ಈ ದೇಶದಲ್ಲಿ ಅಂಥ ತೀರ್ಪು ಅದೇ ಮೊದಲು. ಅದಕ್ಕಾಗಿ ಅವಳ ತಾಯಿ ವರ್ಷಗಟ್ಟಲೆ ಹೋರಾಡಿದ್ದರು. ಮಗ ರಾತ್ರಿ ಎದ್ದು ಕೂತು ಉಸಿರೆಳೆಯೋ ಸದ್ದು ಕೇಳಿದವಳಿಗೆ ನಾಚಿಕೆ ದೊಡ್ಡದಾಗಿ ಕಾಣಲ್ಲ.

2016ರಲ್ಲಿ ಹೋದೆ. ಈಜೋ ಬಟ್ಟೆಯ ಮೇಲಂಗಿ, ಮೊಣಕಾಲಿನವರೆಗೆ ಚಡ್ಡಿ. ಅದಕ್ಕಿಂತ ಹೆಚ್ಚು ಯಾವತ್ತೂ ಬಿಚ್ಚಿಲ್ಲ, ನನ್ನ ಧೈರ್ಯ ಅಷ್ಟೇ. ಹೊರಡೋ ಜಾಗದ ಹುಲ್ಲಿನ ಮೇಲೆ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿದ್ದ ಹುಡುಗನಿಗೆ ಫೋನಿನಲ್ಲಿ ಒಂದು ಪದ ತೋರಿಸಿದೆ: ಉಸಿರು. ಬೆನ್ನ ಮೇಲೆ ಕನ್ನಡದಲ್ಲಿ ಬರಿ ಅಂದೆ. ಚಿತ್ರ ಬಿಡಿಸೋ ಹಾಗೆ ಒಂದೊಂದೇ ಗೆರೆ ನೋಡಿ ಬರೆದ. ಕುಂಚ ತಣ್ಣಗಿತ್ತು. ಉ ಬರೆಯೋಕೇ ಐದು ನಿಮಿಷ ತಗೊಂಡ. ಟ್ರಫಾಲ್ಗರ್ ಚೌಕ ದಾಟುವಾಗ ಆ ಅಕ್ಷರ ಬೆನ್ನ ಮೇಲಿದೆ ಅಂತ ನನಗೆ ಎಷ್ಟು ಹೆಮ್ಮೆ ಇತ್ತು ಅಂದರೆ, ಇವತ್ತಿಗೂ ಆ ಹೆಮ್ಮೆ ತಪ್ಪು ಅನ್ನೋಕೆ ಬಾಯಿ ಬರಲ್ಲ.

ಆದರೆ ಫೋಟೋ ಊರಿಗೆ ಹೋಗಿದ್ದೂ ಆ ಅಕ್ಷರದಿಂದಲೇ. ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದರೆ ನೂರರಲ್ಲಿ ಒಬ್ಬಳಾಗಿ ಹೋಗಿಬಿಡುತ್ತಿದ್ದೆ. ರಸ್ತೆಯಲ್ಲಿ ಯಾರು ಬೇಕಾದರೂ ಫೋಟೋ ತೆಗೀಬಹುದು ಇಲ್ಲಿ, ಕೇಳಿ ತೆಗೀರಿ ಅನ್ನೋದು ನಡೆಸೋರ ವಿನಂತಿ ಅಷ್ಟೇ. ಯಾರೋ ತೆಗೆದರು, ಯಾರೋ ಕನ್ನಡ ನೋಡಿ ಸಂತೋಷಪಟ್ಟು ವಾಟ್ಸ್ಆ್ಯಪ್‌ನಲ್ಲಿ ಹಾಕಿದರು, ಅಲ್ಲಿಂದ ಸೊರಬಕ್ಕೆ ಹನ್ನೊಂದು ದಿನ. ನನ್ನ ಮುಖ ಪಕ್ಕಕ್ಕೆ ತಿರುಗಿತ್ತು, ನಗುತ್ತಿದ್ದೆ. ಹಿಂದೆ ಇಬ್ಬರು ಗಂಡಸರು, ಪೂರ್ತಿ ಬೆತ್ತಲೆ.

ಪೇಟೆಯಲ್ಲಿ ಒಬ್ಬರು ಅಪ್ಪನ ಮುಂದೆ ಫೋನು ಹಿಡಿದು "ಮೇಷ್ಟ್ರೇ, ಇದು ನಿಮ್ಮ ಮಗಳಲ್ವಾ" ಅಂದರಂತೆ. ಅಪ್ಪ ಪ್ರೈಮರಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವರು. ಕನ್ನಡಕ ಹಾಕಿಕೊಂಡು ನೋಡಿದರು. "ರು ಸರಿ ಬರೆದಿಲ್ಲ, ಕೊಂಬು ಒಳಕ್ಕೆ ತಿರುಗಿದೆ" ಅಂದು ಚೀಲ ಎತ್ತಿಕೊಂಡು ಬಸ್ಸಿಗೆ ನಡೆದರಂತೆ. ಇದನ್ನು ಹೇಳಿದ್ದು ಜೊತೆಗಿದ್ದ ನನ್ನ ತಮ್ಮ.

ಆ ಭಾನುವಾರ ಎಂದಿನಂತೆ ಫೋನ್ ಮಾಡಿದೆ. ಅಡಿಕೆ, ಮಳೆ, ಅಮ್ಮನ ಮೊಣಕಾಲು, ಎಲ್ಲಾ ಆಯಿತು. ಆಮೇಲೆ ಅಪ್ಪ ಸ್ವಲ್ಪ ತಡೆದು ಕೇಳಿದರು: "ಚಳಿ ಇತ್ತೇನೇ ಅವತ್ತು?"

ನಾನು ಅದನ್ನು ಚುಚ್ಚುಮಾತು ಅಂದುಕೊಂಡೆ. "ಕುಕ್ಕರ್ ಕೂಗ್ತಿದೆ ಅಪ್ಪಾ, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಕುಕ್ಕರ್ ಇರಲೇ ಇಲ್ಲ. ಅವರು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಮಾತಾಡಿದೆವು. 2019ರ ಆಷಾಢದಲ್ಲಿ ಅಪ್ಪ ಹೋದರು.

ವೈಕುಂಠ ಸಮಾರಾಧನೆ ಮುಗಿದ ರಾತ್ರಿ ಅಮ್ಮ ಹೇಳಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನಿಗೆ ಇದ್ದಿದ್ದು ಎರಡೇ ಜೊತೆ ಬಟ್ಟೆ. ಮಳೆಗಾಲದಲ್ಲಿ ಪಂಚೆ, ಅಂಗಿ ಎರಡನ್ನೂ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೈಕಲ್ ಕ್ಯಾರಿಯರ್‌ಗೆ ಕಟ್ಟುತ್ತಿದ್ದರಂತೆ. ಮೈಮೇಲೆ ಒಂದು ಚಡ್ಡಿ, ತಲೆಯ ಮೇಲೆ ಕಂಬಳಿ ಕೊಪ್ಪೆ, ಅಷ್ಟೇ. ನಾಲ್ಕು ಮೈಲಿ ತುಳಿದು, ಶಾಲೆಯ ಹಿಂದಿನ ಜಗಲಿಯಲ್ಲಿ ಮೈ ಒರೆಸಿ, ಒಣ ಬಟ್ಟೆ ಉಟ್ಟು ಮಕ್ಕಳ ಮುಂದೆ ನಿಲ್ಲುತ್ತಿದ್ದರಂತೆ. "ಆ ಫೋಟೋ ನೋಡಿ ಬಂದ ರಾತ್ರಿ ಅದನ್ನೇ ಹೇಳ್ತಾ ಕೂತಿದ್ರು," ಅಂದರು ಅಮ್ಮ. "ಗಾಳಿ ಎದೆಗೇ ಹೊಡೆಯುತ್ತೆ, ಆ ಹುಡುಗಿಗೆ ಚಳಿ ಆಗಿರಬೇಕು ಅಂತ."

ನಿನ್ನ ನಾಲ್ಕನೇ ಪ್ರಶ್ನೆಗೆ ನನ್ನ ಹತ್ತಿರ ಇರೋದು ಇಷ್ಟೇ. ನಿಮ್ಮ ಮನೆ ಬೇರೆ, ನಿಮ್ಮಪ್ಪ ಬೇರೆ. ರೇಗಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು, ಅಮ್ಮ ಅಳಬಹುದು. ಹಾಗಾದರೆ ಈ ವರ್ಷ ಬಟ್ಟೆ ಹಾಕಿಕೊಂಡೇ ಸಿಗ್ನಲ್ಲಿನಲ್ಲಿ ಸ್ವಯಂಸೇವಕಿಯಾಗಿ ನಿಲ್ಲು, ಅದೂ ಸವಾರಿಯೇ. ಆದರೆ ಹೇಳೋಳು ನೀನೇ ಆಗಿರಬೇಕು, ಪೇಟೆಯಲ್ಲಿ ಫೋನು ಹಿಡಿದವರಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೀಬೇಡ, ಫೋನ್ ಮಾಡು. ಅವರು ಏನಾದರೂ ಕೇಳಿದರೆ, ಎಷ್ಟೇ ಸಣ್ಣದಾಗಿರಲಿ, ಫೋನ್ ಇಡಬೇಡ.

ಮುಂದಿನ ಶನಿವಾರ ಸವಾರಿ ಹೊರಡೋ ಹೊತ್ತಿಗೇ ಬಸವಣ್ಣನ ಪ್ರತಿಮೆ ಹತ್ತಿರ ಬಾ. ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಹೊಳೆಯ ಪಕ್ಕ, 2015ರಲ್ಲಿ ನಿಲ್ಲಿಸಿದ್ದು. ಬಾಡಿಗೆ ಸೈಕಲ್ ಆದರೂ ಪರವಾಗಿಲ್ಲ, ಬ್ರೇಕ್ ನೋಡಿ ತಗೋ. ಅಲ್ಲಿಂದ ನಿಮ್ಮ ದಾರಿಯನ್ನು ಒಂದು ಸುತ್ತು ಹೋಗಿ ಬರೋಣ, ಆಮೇಲೆ ನಮ್ಮನೇಲಿ ಊಟ. ಜೂನ್ ಹೊತ್ತಿಗೆ ಬೆನ್ನ ಮೇಲೆ ಕನ್ನಡದಲ್ಲಿ ಏನಾದರೂ ಬೇಕು ಅನ್ನಿಸಿದರೆ ಬಣ್ಣದ ಹುಡುಗರಿಗೆ ಕೊಡಬೇಡ, ನಾನೇ ಬರೀತೀನಿ.