‘ಸಾಕ್ಷಿ ಬೇಕಾ ಮೇಡಂ?’: ಸಂಘದ ಸಾಲದ ಒಂದು ಪ್ರಕರಣ

‘ತಲೆ ಎತ್ಕೊಂಡು ಬೀದಿಗೆ ಬರೋಕಾಗಲ್ಲ ಮೇಡಂ.’ ಈಚೆಗೆ ಈ ಮಾತು ಹೇಳಿಕೊಂಡು ನನ್ನ ಬಳಿಗೆ ಬಂದ ಹೆಂಗಸರು ಎಷ್ಟೋ ಮಂದಿ. ವಿಚಾರಿಸಿದರೆ ಹಿಂದೆ ಅದೇ ಕಥೆ. ಸಂಘದ ಸಾಲ, ವಾರದ ಕಂತು, ಮನೆ ಬಾಗಿಲಿಗೆ ಬಂದು ಕೂತ ಫೈನಾನ್ಸ್‌ನವರು. ಇವರಲ್ಲಿ ಒಬ್ಬರ ಜೊತೆ ನಾನು ಒಂದು ತಪ್ಪು ಮಾಡಿದೆ. ಅದೇ ತಪ್ಪನ್ನು ಈಗ ಹೊಸದಾಗಿ ಆಪ್ತಸಲಹೆಯ ಕೆಲಸಕ್ಕೆ ಸೇರಿದವರೂ ಮಾಡುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರನ್ನು ಸರೋಜಮ್ಮ ಎಂದು ಕರೆಯೋಣ. ಹೆಸರು, ಊರಿನ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 38, ಇಬ್ಬರು ಮಕ್ಕಳು, ಒಂದು ಹಸು. ಗಂಡ ಗಾರೆ ಕೆಲಸದವರು. ಎರಡು ಸಾಲ ಇದ್ದಾಗಲೇ ಗಂಡ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಆಮೇಲೆ ಮೂರನೇ ಸಾಲ ಬಂತು. ಕಂತು ತಪ್ಪಿತು. ಸರೋಜಮ್ಮ ಊಟ ಬಿಟ್ಟರು, ನಿದ್ದೆ ಬಿಟ್ಟರು. ಡೇರಿಗೆ ಹಾಲು ಹಾಕೋಕೆ ಒಂಬತ್ತನೇ ಕ್ಲಾಸಿನ ಮಗಳನ್ನು ಕಳಿಸತೊಡಗಿದರು. ಅಂಗಡಿಗೆ ಹೋಗುವುದಾದರೆ ಕತ್ತಲಾದ ಮೇಲೆ. ಕೊನೆಗೆ ಆಶಾ ಕಾರ್ಯಕರ್ತೆಯೇ ನನ್ನ ಬಳಿಗೆ ಕರೆದುಕೊಂಡು ಬಂದರು.

ಮೊದಲ ಭೇಟಿಯಲ್ಲಿ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ ಕೇಳಿದೆ. 27ಕ್ಕೆ 16 ಬಂತು. ಜೀವ ಬೇಡ ಅನ್ನಿಸುತ್ತದಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಬರುವುದಿಲ್ಲ. ಕೇಳಿದಾಗ ಭಾರ ಇಳಿಯುತ್ತದೆ. ‘ಒಂದೊಂದ್ಸಲ ಅನ್ಸುತ್ತೆ, ಮಕ್ಕಳ ಮುಖ ನೋಡಿ ಸುಮ್ನಾಗ್ತೀನಿ’ ಎಂದರು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ತೋರಿಸಿದೆವು. ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ಮಗಳ ಕೈಯಲ್ಲಿ ಫೋನಿಗೆ ಹಾಕಿಸಿದೆ.

ಮೂರನೇ ಭೇಟಿಯ ವಿಷಯಕ್ಕೆ ಬರುತ್ತೇನೆ.

ನಾನು ಕಲಿತದ್ದು ಸಿಬಿಟಿ. ಯೋಚನೆ, ನಡವಳಿಕೆ ಎರಡನ್ನೂ ಒಟ್ಟಿಗೆ ಹಿಡಿದು ಮಾಡುವ ಚಿಕಿತ್ಸೆ ಅದು. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು. ಖಿನ್ನತೆ ಇರುವವರ ತಲೆಯಲ್ಲಿ ಕೆಲವು ಯೋಚನೆಗಳು ತಾವಾಗಿಯೇ ಸರಕ್ಕನೆ ಬಂದು ಹೋಗುತ್ತವೆ. ನಾನು ಯಾತಕ್ಕೂ ಬಾರದವಳು, ಎಲ್ಲಾ ಮುಗೀತು, ಇಂಥವು. ಯೋಚನೆ ಬಂದ ಕೂಡಲೇ ಅದನ್ನು ನಂಬಿಬಿಡುತ್ತೇವೆ. ಆ ಯೋಚನೆಯನ್ನು ಹಿಡಿದು ನಿಲ್ಲಿಸಿ, ‘ಇದಕ್ಕೆ ಏನು ಸಾಕ್ಷಿ’ ಎಂದು ಇಬ್ಬರೂ ಕೂತು ಪರೀಕ್ಷೆ ಮಾಡಬೇಕು. ತರಬೇತಿಯಲ್ಲಿ ಎಲ್ಲರೂ ಮೊದಲು ಕಲಿಯುವ ಪ್ರಶ್ನೆ ಇದೇ.

ಅವತ್ತು ಸರೋಜಮ್ಮ, ‘ಊರಲ್ಲಿ ನನ್ನ ಮಾನ ಹೋಯ್ತು ಮೇಡಂ, ಎಲ್ಲಾರೂ ನನ್ನೇ ಆಡ್ಕೋತಾರೆ’ ಎಂದರು. ನಾನು ಕಲಿತ ಹಾಗೆ, ಮೆತ್ತಗಿನ ದನಿಯಲ್ಲೇ ಕೇಳಿದೆ. ‘ಎಲ್ಲರೂ ಆಡಿಕೊಳ್ಳುತ್ತಾರೆ ಅನ್ನೋದಕ್ಕೆ ಏನು ಸಾಕ್ಷಿ ಇದೆ ಸರೋಜಮ್ಮ?’

ಅವರು ನನ್ನನ್ನೇ ನೋಡಿದರು.

‘ಸಾಕ್ಷಿ ಬೇಕಾ ಮೇಡಂ? ರಾತ್ರಿ ಒಂಬತ್ತು ಗಂಟೆಗಂಟ ನಮ್ಮ ಜಗಲಿ ಮೇಲೆ ಕೂತಿದ್ರಲ್ಲ. ಫೈನಾನ್ಸ್‌ನೋರೂ ಕೂತಿದ್ರು, ನಮ್ಮ ಸಂಘದೋರೂ ಕೂತಿದ್ರು. ಇಡೀ ಬೀದಿನೇ ಸಾಕ್ಷಿ.’

ನನಗೆ ಮಾತು ಹೊರಡಲಿಲ್ಲ. ಅವರು ಹೇಳಿದ್ದು ನಿಜ. ಈ ಸಾಲದಲ್ಲಿ ಒಬ್ಬರು ಕಂತು ಕಟ್ಟದಿದ್ದರೆ ಗುಂಪಿನ ಉಳಿದವರು ಕಟ್ಟಬೇಕು. ಹಾಗಾಗಿ ಒತ್ತಾಯ ಮಾಡಲು ಹೊರಗಿನವರೇ ಬೇಕಿಲ್ಲ. ದಿನಾ ಸಾರಿಗೆ ಹುಣಸೆಹಣ್ಣು ಕೇಳಿ ಇಸಿದುಕೊಳ್ಳುವ ಪಕ್ಕದ ಮನೆಯವರೇ ಬಂದು ಕೂರುತ್ತಾರೆ. ಆ ಅವಮಾನ ಅವರ ತಲೆಯಲ್ಲಿ ಹುಟ್ಟಿದ್ದಲ್ಲ, ಜಗಲಿಯ ಮೇಲೆ ನಡೆದದ್ದು. ನಡೆದದ್ದಕ್ಕೆ ಸಾಕ್ಷಿ ಕೇಳಿದರೆ ‘ನಿನ್ನ ಮಾತು ನಂಬಲ್ಲ’ ಎಂದ ಹಾಗೆ. ಅವರಿಗೆ ಹಾಗೇ ಕೇಳಿಸಿತ್ತು.

‘ತಪ್ಪಾಯಿತು ಸರೋಜಮ್ಮ, ನಾನು ಹಾಗೆ ಕೇಳಬಾರದಿತ್ತು’ ಎಂದೆ. ಆಮೇಲೆ ಮಗಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಗಡೆ ‘ನಡೆದದ್ದು’. ಬಲಗಡೆ ‘ಅದರಿಂದ ನನ್ನ ಬಗ್ಗೆ ನಾನು ಅಂದುಕೊಂಡದ್ದು’. ಎಡಗಡೆಗೆ ಬರೆದ ಯಾವುದನ್ನೂ ನಾನು ಪ್ರಶ್ನೆ ಮಾಡುವುದಿಲ್ಲ ಎಂದು ಮಾತು ಕೊಟ್ಟೆ.

ಎಡಗಡೆ ಬೇಗ ತುಂಬಿತು. ಬಿದ್ದದ್ದು, ಆಸ್ಪತ್ರೆ, ಮೂರು ಸಾಲ, ಜಗಲಿ. ಬಲಗಡೆಗೆ ಒಂದೇ ಸಾಲು ಬಂತು. ‘ಮನೆ ಮುಳುಗಿಸಿದೋಳು ನಾನೇ.’ ಎಷ್ಟು ಪಾಲು ನಿಮ್ಮದು ಎಂದೆ. ‘ಪೂರ್ತಿ’ ಎಂದರು.

ಹೊಣೆಯನ್ನು ಪಾಲು ಹಾಕುವ ಒಂದು ಅಭ್ಯಾಸ ಸಿಬಿಟಿಯಲ್ಲಿದೆ. ವೃತ್ತ ಬರೆದು ತುಂಡು ಮಾಡುವುದು. ನಾನು ಅದನ್ನು ರೊಟ್ಟಿ ಎಂದೆ. ನಿಯಮ ಒಂದೇ. ನಡೆದದ್ದಕ್ಕೆ ಕಾರಣವಾದ ಬೇರೆ ಎಲ್ಲರಿಗೂ, ಎಲ್ಲದಕ್ಕೂ ಮೊದಲು ತುಂಡು ಕೊಡಬೇಕು, ತನ್ನ ತುಂಡು ಕೊನೆಗೆ. ನಮ್ಮ ಹೆಂಗಸರು ಅಡುಗೆಮನೆಯಲ್ಲಿ ಕೊನೆಗೆ ಉಣ್ಣುತ್ತಾರೆ, ತಪ್ಪು ಹಂಚುವಾಗ ಮಾತ್ರ ಮೊದಲೇ ತಟ್ಟೆ ಮುಂದಿಡುತ್ತಾರೆ. ತನ್ನ ತುಂಡು ಮೊದಲು ತೆಗೆದರೆ ರೊಟ್ಟಿಯೇ ಖಾಲಿ.

ಲೆಕ್ಕದಿಂದ ಶುರು ಮಾಡಿದೆವು. ಮೊದಲ ಎರಡು ಸಾಲ ತೆಗೆದಾಗ ಮನೆಗೆ ತಿಂಗಳಿಗೆ ಸುಮಾರು 18,000 ರೂಪಾಯಿ ಬರುತ್ತಿತ್ತು. ಎರಡೂ ಸೇರಿ ತಿಂಗಳಿಗೆ ಕಂತು 4,700. ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಇಂಥ ಸಾಲ ಕೊಡುವಾಗ ಮನೆಯ ಎಲ್ಲಾ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಎಂದು 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಅದನ್ನು ಹೇಳಿ, ‘ಲೆಕ್ಕ ಗೊತ್ತಿಲ್ಲದೆ ಸಾಲ ಮಾಡಿದೋಳಾ ನೀವು?’ ಎಂದೆ. ಅವರು ಬೆರಳು ಮಡಚಿ ಮತ್ತೆ ಲೆಕ್ಕ ಹಾಕಿದರು. ‘ಆಗ ಸರಿಯಾಗೇ ಇತ್ತಲ್ವಾ?’ ಎಂದು ತಮಗೆ ತಾವೇ ಹೇಳಿಕೊಂಡರು.

ಗಂಡ ಬಿದ್ದ ಮೇಲೆ ಆದಾಯ 9,500ಕ್ಕೆ ಇಳಿಯಿತು. ಅದರಲ್ಲಿ ಅರ್ಧ ಎಂದರೆ 4,750. ಇದ್ದ ಕಂತಿಗೇ ಅದು ಮುಗಿದಿತ್ತು. ಅಂಥ ಹೊತ್ತಲ್ಲಿ 3,100 ರೂಪಾಯಿ ಕಂತಿನ ಮೂರನೇ ಸಾಲ ಕೊಟ್ಟರು. 7,800 ಕಟ್ಟಿದರೆ ಮನೆಗೆ ಉಳಿಯುವುದು 1,700. ಈ ಸಾಲ ಕೇಳಿದವರದ್ದೂ ತಪ್ಪು, ಕೊಟ್ಟವರದ್ದೂ ತಪ್ಪು. ಕೊಟ್ಟವರಿಗೆ ಒಂದು ದೊಡ್ಡ ತುಂಡು ಹೋಯಿತು. ಬಿದ್ದದ್ದಕ್ಕೆ ಒಂದು ತುಂಡು, ಅದು ಯಾರ ಕೈಯಲ್ಲೂ ಇರಲಿಲ್ಲ. ಆಸ್ಪತ್ರೆ ಖರ್ಚಿಗೆ ಕೈ ಎತ್ತಿದ ಮೇಸ್ತ್ರಿಗೆ ಒಂದು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, ‘ಎರಡನೇ ಸಾಲದಲ್ಲಿ ಇಪ್ಪತ್ತು ಸಾವಿರ ನಮ್ಮ ಮೈದುನ ಇಸ್ಕೊಂಡಿದ್ದ ಮೇಡಂ. ವಾಪಸ್ ಕೊಡ್ಲಿಲ್ಲ. ಮನೇಲಿ ಜಗಳ ಆಗುತ್ತೆ ಅಂತ ಯಾರಿಗೂ ಹೇಳಿಲ್ಲ’ ಎಂದರು. ಎರಡು ಭೇಟಿಯಲ್ಲಿ ಬಾರದ ಮಾತು ರೊಟ್ಟಿಯ ಮುಂದೆ ಬಂತು. ಮೈದುನನ ತುಂಡನ್ನು ಅವರೇ ಪೆನ್ಸಿಲ್ಲಿನಲ್ಲಿ ಎರಡು ಸಲ ತೀಡಿದರು.

ಕೊನೆಗೆ ತಮ್ಮದು ಎಂದು ಉಳಿಸಿಕೊಂಡದ್ದು ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಪೂರ್ತಿ ಅಳಿಸಿ ‘ನಿಮ್ಮದೇನೂ ತಪ್ಪಿಲ್ಲ’ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ. ಸಿಬಿಟಿ ಎಂದರೆ ಒಳ್ಳೆಯದನ್ನೇ ಯೋಚಿಸು, ಪಾಸಿಟಿವ್ ಆಗಿರು ಎನ್ನುವುದಲ್ಲ. ಸರಿಯಾಗಿ ಅಳತೆ ಮಾಡು ಎನ್ನುವುದು. ಕಾಲು ಭಾಗದ ತಪ್ಪಿಗೆ ಕಾಲು ಭಾಗದ ಸಂಕಟ ಸಾಕು. ಅಷ್ಟನ್ನು ಮನುಷ್ಯರು ಹೊರಬಲ್ಲರು.

ಮೇಸ್ತ್ರಿಯ ತುಂಡು ಬರೆಯುವಾಗಲೇ ನನಗೆ ಹೊಳೆದದ್ದು, ಗಂಡನಿಗೆ ಲೇಬರ್ ಕಾರ್ಡ್ ಇದೆಯಾ ಎಂದು ನಾನು ಕೇಳಿಯೇ ಇರಲಿಲ್ಲ. ಟ್ರಂಕಿನಲ್ಲಿ ಇತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಅಪಘಾತದ ಸಹಾಯಕ್ಕೆ ಅರ್ಜಿ ಹಾಕಿದೆವು.

ಎಡಗಡೆಯ ಕೆಲಸ ಅಲ್ಲಿಂದ ಶುರುವಾಯಿತು. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವುದನ್ನೇ ರಿಸರ್ವ್ ಬ್ಯಾಂಕ್ ಒಪ್ಪುವುದಿಲ್ಲ. ಜಗಲಿಯ ಮೇಲೆ ರಾತ್ರಿ ಒಂಬತ್ತರವರೆಗೆ ಕೂರುವುದು ದೂರದ ಮಾತು. ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಬೇರೆ ಕಾನೂನೇ ಬಂದಿದೆ, 10 ವರ್ಷದವರೆಗೆ ಜೈಲು ಎನ್ನುತ್ತದೆ. ಸಾಲದ ಕಾರ್ಡ್ ತರಿಸಿ ಅದರಲ್ಲಿದ್ದ ದೂರಿನ ನಂಬರಿಗೆ ಸರೋಜಮ್ಮನ ಕೈಯಲ್ಲೇ ಫೋನ್ ಮಾಡಿಸಿದೆ. ದನಿ ನಡುಗುತ್ತಿತ್ತು, ಆದರೂ ಮಾತಾಡಿದರು. ಸಾಲ ಕೊಟ್ಟವರಲ್ಲಿ ಒಬ್ಬರು ಕಂತು ಇಳಿಸಿ ಅವಧಿ ಹೆಚ್ಚಿಸಲು ಒಪ್ಪಿದರು. ಇನ್ನೊಬ್ಬರು ಒಪ್ಪಲಿಲ್ಲ. ಮೂರನೆಯವರ ಜೊತೆ ಇನ್ನೂ ಮಾತು ನಡೆಯುತ್ತಿದೆ.

ಬಲಗಡೆಗೆ ಡೇರಿ. ‘ಬೆಳಿಗ್ಗೆ ನೀವೇ ಹಾಲು ಹಾಕಿ ಬನ್ನಿ, ಎಷ್ಟು ಜನ ಸಾಲದ ಮಾತು ಎತ್ತುತ್ತಾರೆ ಎಣಿಸಿ’ ಎಂದೆ. ಹೋಗುವ ಮೊದಲು ಅವರ ಅಂದಾಜು ಬರೆಸಿದೆ. ಹತ್ತು ಜನ ಎಂದರು. ಬಂದು ಹೇಳಿದ್ದು ಮೂರು. ಒಬ್ಬರು ಗಂಡನ ಕಾಲು ಹೇಗಿದೆ ಎಂದು ಕೇಳಿ ಆಮೇಲೆ ಕಂತಿನ ಮಾತು ಎತ್ತಿದರು. ಇನ್ನೊಬ್ಬರು, ‘ನಮ್ಮನೆಗೂ ಬಂದಿದ್ರು ಕಣಮ್ಮ’ ಎಂದರು. ಮೂರನೆಯವಳು ಬಾಯಿಗೆ ಬಂದಂತೆ ಅಂದಳು. ಅದು ನೋಯಿಸಿತು. ಆದರೆ ಹತ್ತು ಜನ ಅನ್ನೋದು ಮೂವರಿಗೆ ಇಳಿದಿತ್ತು, ಅದರಲ್ಲೂ ಆಡಿಕೊಂಡವಳು ಒಬ್ಬಳೇ. ಎರಡನೇ ದಿನವೂ ಹೋದರು.

ಈ ಪ್ರಕರಣವನ್ನು ಒಂದು ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, ‘ಅರ್ಜಿ ಬರೆಯೋದು, ಫೋನ್ ಮಾಡಿಸೋದು ಆಪ್ತಸಲಹೆ ಅಲ್ಲ, ಚಿಕಿತ್ಸೆ ಕಲಬೆರಕೆ ಆಗುತ್ತೆ’ ಎಂದರು. ಅವರ ಮೇಲೆ ನನಗೆ ಗೌರವ ಇದೆ. ಈ ಮಾತು ಮಾತ್ರ ಒಪ್ಪಲಾರೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಮಾನಸಿಕ ಆರೋಗ್ಯದ ಪದವಿ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಖಿನ್ನತೆಗೆ ಆರರಿಂದ ಎಂಟು ಭೇಟಿಯ ಸಲಹೆ ಕೊಡಿಸಿದರು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು, ಜನರಿಗೆ ಉಪಯೋಗವಾಗಿತ್ತು. ಮತ್ತೆ ಚಟುವಟಿಕೆಗೆ ಇಳಿಸುವುದು ಅದರ ತಿರುಳು. ಇರುವ ಕಷ್ಟವನ್ನು ಬಿಡಿಸಲು ದಾರಿ ಹುಡುಕುವುದೂ ಅದರೊಳಗೇ ಇತ್ತು. ನಾನು ಸಮಾಜಕಾರ್ಯ ಓದಿದವಳು. ಜಗಲಿ ಮೇಲೆ ಜನ ಕೂತಿರುವಾಗ ಮನಸ್ಸನ್ನು ಮಾತ್ರ ರಿಪೇರಿ ಮಾಡುತ್ತೇನೆ ಎಂದರೆ, ಆ ಹೆಂಗಸಿಗೆ ಮತ್ತೊಂದು ಕೆಲಸ ಹೊರಿಸಿದ ಹಾಗೆ. ಸಾಲವನ್ನೂ ತೀರಿಸು, ಯೋಚನೆಯನ್ನೂ ಸರಿಮಾಡಿಕೋ ಎಂದ ಹಾಗೆ.

ಇದರ ಇನ್ನೊಂದು ತುದಿಯೂ ತಪ್ಪೇ. ಬಡತನಕ್ಕೆ ಚಿಕಿತ್ಸೆ ಯಾಕೆ, ದುಡ್ಡು ಕೊಡಿ ಸಾಕು ಎನ್ನುವವರಿದ್ದಾರೆ. ಕಂತು ಇಳಿದ ಮೇಲೂ ‘ಮನೆ ಮುಳುಗಿಸಿದೋಳು ನಾನೇ’ ಎಂಬ ಸಾಲು ತಾನಾಗಿ ಅಳಿಸಿ ಹೋಗುವುದಿಲ್ಲ. ಸಾಲ ತೀರಿದ ಮೇಲೂ ವರ್ಷಗಟ್ಟಲೆ ಕತ್ತಲಲ್ಲೇ ಅಂಗಡಿಗೆ ಹೋಗುವವರನ್ನು ನಾನು ನೋಡಿದ್ದೇನೆ.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೆ. ‘ಸಾಕ್ಷಿ ಏನು’ ಎಂದು ಕೇಳುವ ಮೊದಲು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆಯದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಕಾರ್ಡು, ಕಾಗದ, ನಂಬರು ಏನೇನಿದೆ ವಿಚಾರಿಸಿ. ಆ ಪ್ರಶ್ನೆ ಬಲಗಡೆಗೆ ಮಾತ್ರ.

ಆರು ವಾರದ ಮೇಲೆ ಅದೇ ಒಂಬತ್ತು ಪ್ರಶ್ನೆ ಕೇಳಿದಾಗ 9 ಬಂತು. ಗಂಡ ಇನ್ನೂ ಕೋಲು ಹಿಡಿದೇ ನಡೆಯುತ್ತಾರೆ. ಮಂಡಳಿಯ ಅರ್ಜಿ ಪರಿಶೀಲನೆಯಲ್ಲಿದೆ. ಮೈದುನನ ಹತ್ತಿರ ದುಡ್ಡು ಕೇಳುವ ಧೈರ್ಯ ಸರೋಜಮ್ಮನಿಗೆ ಇನ್ನೂ ಬಂದಿಲ್ಲ, ಮುಂದಿನ ಭೇಟಿಗೆ ಆ ಮಾತನ್ನು ಇಟ್ಟುಕೊಂಡಿದ್ದೇವೆ. ಹಾಲಿನ ಕ್ಯಾನನ್ನು ಈಗ ಅವರೇ ಡೇರಿಗೆ ಒಯ್ಯುತ್ತಾರೆ. ಆ ಹೊತ್ತಿನಲ್ಲಿ ಮಗಳು ಓದಿಕೊಳ್ಳುತ್ತಾಳೆ.