ಗುಲ್ಮಾರ್ಗ್‌ಗೆ ಒಂದೇ ಜೋಡಿ ಅಗಲ ಟ್ವಿನ್-ಟಿಪ್ ಸ್ಕೀ: 118 ಮಿ.ಮೀ. ಕೊಳ್ಳಬಹುದೇ?

ನೀವು ಕೇಳಿರುವುದು ಇಷ್ಟು: ಊರು ಗೋಣಿಕೊಪ್ಪ, ಎತ್ತರ ಐದು ಅಡಿ ಎಂಟು ಇಂಚು, ತೂಕ 70 ಕೆ.ಜಿ. ಗುಲ್ಮಾರ್ಗ್‌ನಲ್ಲಿ ಬಾಡಿಗೆ ಸ್ಕೀ ಮೇಲೆ ಕಲಿತಿದ್ದೀರಿ, ಸಿದ್ಧಪಡಿಸಿದ ಇಳಿಜಾರಿನಲ್ಲಿ ಧೈರ್ಯವಾಗಿ ಇಳಿಯುತ್ತೀರಿ. ಇನ್ನು ಮುಂದೆ ಜಿಗಿತ, ಗಿರಕಿ, ಹಿಮ್ಮುಖ ಸವಾರಿಗೂ ಆಳದ ಹೊಸ ಹಿಮಕ್ಕೂ ಆಗುವಂಥ ಒಂದೇ ಜೋಡಿ ಬೇಕು. ನಡುವಿನಲ್ಲಿ 118 ಮಿ.ಮೀ. ಅಗಲವಿರುವ ಟ್ವಿನ್-ಟಿಪ್ (ಮುಂದೂ ಹಿಂದೂ ತುದಿ ಮೇಲಕ್ಕೆ ಬಾಗಿದ ಸ್ಕೀ) ಮೇಲೆ ಕಣ್ಣಿದೆ.

ಅದನ್ನು ಕೊಳ್ಳಬೇಡಿ. 100ರಿಂದ 108 ಮಿ.ಮೀ. ಒಳಗೆ ಹುಡುಕಿ.

ಕಾರಣ ಸ್ಕೀಯಲ್ಲಿಲ್ಲ, ನಾವಿರುವ ಊರಿನಲ್ಲಿದೆ. ನಾನು ನಾಪೋಕ್ಲು ಕಡೆಯ ಬೆಳೆಗಾರ. ಗುಲ್ಮಾರ್ಗ್‌ನಲ್ಲಿ ಒಳ್ಳೆಯ ಹಿಮ ಬೀಳುವ ಜನವರಿ, ಫೆಬ್ರವರಿಯಲ್ಲೇ ಇಲ್ಲಿ ಕಾಫಿ ಕೊಯ್ಲು. ಅರೇಬಿಕಾ ಮುಗಿದು ರೋಬಸ್ಟಾ ಜೋರಾಗುವ ಮೊದಲು ಸಿಗುವ ಬಿಡುವನ್ನು ಲೆಕ್ಕಹಾಕಿ ವಿಮಾನದ ಟಿಕೆಟ್ ಮಾಡಿಸುತ್ತೇವೆ. ಆ ವಾರ ಹಿಮಪಾತ ಆಗುತ್ತದೋ ಇಲ್ಲವೋ ದೇವರೇ ಬಲ್ಲ. ಗುಲ್ಮಾರ್ಗ್ ಪಕ್ಕದ ತಂಗ್‌ಮಾರ್ಗ್‌ನ ಹುಡುಗರು ರಾತ್ರಿ ಹಿಮ ಬಿದ್ದದ್ದನ್ನು ನೋಡಿ ಬೆಳಿಗ್ಗೆ ದಪ್ಪ ಸ್ಕೀ ಹೆಗಲಿಗೇರಿಸಬಹುದು, ಬೀಳದಿದ್ದರೆ ಮನೆಯಲ್ಲಿರಬಹುದು. ನಮಗೆ ಆ ಸೌಲಭ್ಯವಿಲ್ಲ. ನಾವು ಅಲ್ಲಿರುವ ವಾರದಲ್ಲಿ ಒಂದೆರಡು ದಿನ ಮೊಣಕಾಲುದ್ದ ಹಿಮ ಸಿಕ್ಕರೆ ಪುಣ್ಯ. ಮಿಕ್ಕ ದಿನಗಳಲ್ಲಿ ಸಿಗುವುದು ಬೇರೆಯವರು ಉತ್ತು ಬಿಟ್ಟ ಗಡ್ಡೆಹಿಮ, ಬೆಳಗಿನ ಹೊತ್ತಿನ ಗಟ್ಟಿ ಪದರ, ಮಧ್ಯಾಹ್ನದ ತೇವ. 118ರ ಸ್ಕೀಯನ್ನು ಗಟ್ಟಿ ಹಿಮದ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಲು ಹೆಚ್ಚು ಹೊತ್ತೂ ಬೇಕು, ಹೆಚ್ಚು ಬಲವೂ ಬೇಕು. ಆ ಭಾರ ಮೊಣಕಾಲಿಗೆ ಬೀಳುತ್ತದೆ. ಇನ್ನೂ ಒಂದು ವಿಷಯವಿದೆ. ದೊಡ್ಡ ಹಿಮಪಾತವಾದ ಮರುದಿನ ಗಾಳಿ ಮತ್ತು ಹಿಮಕುಸಿತದ ಭಯದಿಂದ ಗೊಂಡೋಲಾದ (ರೋಪ್‌ವೇ) ಎರಡನೇ ಹಂತ ಮುಚ್ಚಿರುವುದು ಸಾಮಾನ್ಯ. ಆಗ ಸುಮಾರು 3,950 ಮೀಟರ್ ಎತ್ತರದಲ್ಲಿರುವ ಅಫರ್ವಾಟ್ ನಿಲ್ದಾಣ ಕನಸಾಗಿಯೇ ಉಳಿದು, ಮೊದಲ ಹಂತ ಮುಗಿಯುವ ಕೊಂಗ್‌ಡೋರಿಯ ಕೆಳಗಿನ ಮರಗಳ ನಡುವೆ ಇಳಿಯಬೇಕಾಗುತ್ತದೆ. ಮರಗಳ ನಡುವೆ ಬೇಕಾದದ್ದು ಚುರುಕಾಗಿ ತಿರುಗುವ ಸ್ಕೀ.

ಇನ್ನು ನೀವು ಕೇಳದೇ ಬಿಟ್ಟ ಮಾತು, ನನ್ನ ಮಟ್ಟಿಗೆ ಅಗಲಕ್ಕಿಂತ ಮುಖ್ಯವಾದದ್ದು: ಹಿಂತುದಿ ಹೇಗಿದೆ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಎಲ್ಲಿ ಕೂರುತ್ತದೆ? ಅಗಲ ಟ್ವಿನ್-ಟಿಪ್ ಎಂಬುದು ಎರಡು ವಂಶಗಳ ಕೂಸು. ಒಂದು ಕಡೆ 1998ರಲ್ಲಿ ಬಂದ ಸಾಲೊಮನ್ 1080. ಹಿಮ್ಮುಖವಾಗಿ ಹಾರಿ ಇಳಿಯಲೆಂದು ಎರಡೂ ತುದಿ ಮೇಲಕ್ಕೆತ್ತಿದ ಆ ಸ್ಕೀ ಇಂದಿನ ಲೆಕ್ಕದಲ್ಲಿ ಬಲು ಸಪೂರ. ಇನ್ನೊಂದು ಕಡೆ ಸ್ಕೀ ಸಾಹಸಿ ಶೇನ್ ಮೆಕಾಂಕಿ ವಾಟರ್ ಸ್ಕೀಯನ್ನು ನೋಡಿ ಕಲ್ಪಿಸಿದ ವೋಲಾಂಟ್ ಸ್ಪ್ಯಾಚುಲಾ. ಅದರ ನಡು ತಗ್ಗು, ತುದಿಗಳು ಎತ್ತರ. ಪುಡಿಹಿಮದ ಮೇಲೆ ತೇಲಲೆಂದೇ ಮಾಡಿದ್ದು. ಮೊದಲನೆಯದಕ್ಕೆ ಬೈಂಡಿಂಗ್ ನಟ್ಟನಡುವೆ ಇರಬೇಕು, ಗಿರಕಿ ಹೊಡೆಯುವಾಗ ಮುಂದೂ ಹಿಂದೂ ಸಮತೂಕವಿರಲಿ ಎಂದು. ಎರಡನೆಯದಕ್ಕೆ ಬೈಂಡಿಂಗ್ ಹಿಂದಕ್ಕೆ ಸರಿದಿರಬೇಕು, ಮುಂದೆ ಉದ್ದ ಉಳಿದು ಮೂತಿ ಮೇಲೇಳಲಿ ಎಂದು. ನಾಟಿಗೆ ಮೊದಲು ಗದ್ದೆಯ ಕೆಸರನ್ನು ಸಮ ಮಾಡುವ ಹಲಗೆಯನ್ನು ನೀವು ನೋಡಿಯೇ ಇರುತ್ತೀರಿ. ಮುಂದಂಚು ಒಂದಿಷ್ಟು ಬಾಗಿದರೂ ಹಲಗೆ ಕೆಸರಿಗೆ ಹೂತು ನಿಲ್ಲುತ್ತದೆ. ನಟ್ಟನಡುವೆ ಬೈಂಡಿಂಗ್ ಕೂರಿಸಿದ ಸ್ಕೀ ಆಳದ ಹಿಮದಲ್ಲಿ ಮಾಡುವುದೂ ಅದನ್ನೇ. ಮೂತಿ ಹೂಳದಿರಲೆಂದು ಹಿಂದಕ್ಕೆ ವಾಲಿ ನಿಂತರೆ ಅರ್ಧ ಗಂಟೆಯಲ್ಲಿ ತೊಡೆ ಉರಿಯುತ್ತದೆ.

ಹಾಗಾಗಿ ನಿಮಗೆ ಒಪ್ಪುವುದು ಪೂರ್ತಿ ಸಮಾಕಾರದ ಪಾರ್ಕ್ ಸ್ಕೀಯಲ್ಲ (ಜಿಗಿತ, ಗಿರಕಿಗೆಂದೇ ಮಾಡಿದ್ದು), ಮುಂದೆ ಸ್ವಲ್ಪ ಹೆಚ್ಚು ಅಗಲ ಮತ್ತು ಹೆಚ್ಚು ಏರು, ಹಿಂದೆ ತುಸು ಕಡಿಮೆ ಏರು ಇರುವ ಟ್ವಿನ್-ಟಿಪ್. ಬೂಟಿನಡಿ ಮಾತ್ರ ಸಾಂಪ್ರದಾಯಿಕ ಕ್ಯಾಂಬರ್ ಬಾಗು, ಅಂದರೆ ನಡು ಕಮಾನಿನಂತೆ ಮೇಲೆದ್ದಿರುವ ಬಾಗು, ಇರಲೇಬೇಕು. ಗಟ್ಟಿ ಹಿಮದಲ್ಲಿ ಅಂಚು ಕಚ್ಚುವುದು ಅದರಿಂದಲೇ. ಬೈಂಡಿಂಗನ್ನು ನಿಜವಾದ ಮಧ್ಯಬಿಂದುವಿನಿಂದ ಮೂರರಿಂದ ಐದು ಸೆಂ.ಮೀ. ಹಿಂದೆ ಕೂರಿಸಿದರೆ ಎರಡೂ ಕೆಲಸ ನಡೆಯುತ್ತದೆ. ತಯಾರಕರು ಸ್ಕೀಯ ಮೇಲೆಯೇ ಗುರುತು ಹಾಕಿರುತ್ತಾರೆ. ಕೊಳ್ಳುವ ಮೊದಲು ಆ ಗುರುತು ಮಧ್ಯದಿಂದ ಎಷ್ಟು ಹಿಂದಿದೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಕೊಡಲಾಗದ ಅಂಗಡಿಯಲ್ಲಿ ಟೋಪಿ, ಕೈಗವಸು ಕೊಂಡರೆ ಸಾಕು. ಅರ್ಮಾಡಾದ ಎಆರ್‌ವಿ 106, ಫ್ಯಾಕ್ಷನ್‌ನ ಪ್ರಾಡಿಜಿ 3 ಈ ಜಾತಿಯವು. ಮಾದರಿಗಳು ಮಾರ್ಪಡುತ್ತಲೇ ಇರುತ್ತವೆ, ಆದ್ದರಿಂದ ಹೆಸರಿಗಿಂತ ಆಕಾರ ನೋಡಿ.

ಉದ್ದ ನಿಮ್ಮ ಎತ್ತರದಷ್ಟೋ ಐದಾರು ಸೆಂ.ಮೀ. ಹೆಚ್ಚೋ ಇರಲಿ, ಅಂದರೆ 173ರಿಂದ 179. ಎರಡೂ ತುದಿ ನೆಲಬಿಟ್ಟು ಎದ್ದಿರುವುದರಿಂದ ಗಟ್ಟಿ ಹಿಮದಲ್ಲಿ ಇಂಥ ಸ್ಕೀ ತನ್ನ ಉದ್ದಕ್ಕಿಂತ ಮೋಟಾಗಿ ವರ್ತಿಸುತ್ತದೆ. ಸುಲಭಕ್ಕೆ ಬಾಗದ, ತೀರಾ ಬಿರುಸಾದ ಸ್ಕೀ ಬೇಡ.

ಬೂಟು ಇನ್ನೂ ಬಾಡಿಗೆಯದೇ ಆಗಿದ್ದರೆ ಮೊದಲು ಬೂಟು ಕೊಳ್ಳಿ. ಇದರಲ್ಲಿ ನನಗೆ ರಾಜಿಯಿಲ್ಲ. ಬೂಟಿನ ತಳದ ಉದ್ದ ಗೊತ್ತಾಗದೆ ಸ್ಕೀಗೆ ತೂತು ಕೊರೆಯುವುದೇ ತಪ್ಪು, ತಳ ಗ್ರಿಪ್‌ವಾಕ್ (ನಡೆಯಲು ಅನುಕೂಲವಾಗುವಂತೆ ಬಾಗಿದ ತಳ) ಆಗಿದ್ದರೆ ಅದನ್ನು ಒಪ್ಪುವ ಬೈಂಡಿಂಗೇ ಬೇಕು. ಬೈಂಡಿಂಗ್‌ನ ಬ್ರೇಕ್ ಸ್ಕೀಯ ನಡುವಿಗಿಂತ ಕಡಿಮೆ ಅಗಲದ್ದಾಗಿರಬಾರದು, 15 ಮಿ.ಮೀ.ಗಿಂತ ಹೆಚ್ಚು ಹೊರಚಾಚಲೂಬಾರದು. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬೂಟನ್ನು ಬಿಡಬೇಕೆಂದು ಹೇಳುವ ಡಿನ್ ಅಂಕಿಯನ್ನು ತೂಕ, ಎತ್ತರ, ವಯಸ್ಸು, ತಳದ ಉದ್ದ, ಸವಾರಿಯ ಬಗೆ ನೋಡಿ ತಂತ್ರಜ್ಞರು ನಿಗದಿ ಮಾಡಲಿ. ಜಿಗಿಯುವವರು ಬಿಗಿ ಮಾಡಿಕೊಳ್ಳಬೇಕೆಂಬ ಗೆಳೆಯರ ಸಲಹೆಗೆ ಕಿವಿಗೊಡಬೇಡಿ.

ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ‘ಕೊಡಗಿನವರಿಗೆ ಸ್ಕೀ ಯಾಕೆ?’ ಎಂದು ಕೊಂಕು ನುಡಿದಿದ್ದಾರೆ. 1948ರಲ್ಲಿ ಗುಲ್ಮಾರ್ಗ್‌ನಲ್ಲಿ ಸೇನೆಯ ಸ್ಕೀ ಶಾಲೆ ಶುರುಮಾಡಿಸಿದವರು ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರು. ಅದೇ ಬೆಳೆದು ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಈಗ ನಮ್ಮ ತೆಕ್ಕಡ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಪದಕಗಳನ್ನು ಗೆದ್ದಿದ್ದಾರೆ. ಅವರ ಕಡ್ಡಿಯಂಥ ಸ್ಕೀಗೂ ನಿಮ್ಮದಕ್ಕೂ ಸಂಬಂಧವಿಲ್ಲ, ಆದರೂ ಕೊಂಕಿಗೆ ಉತ್ತರವಾಯಿತಲ್ಲ.

ಅಗಲದ ಸ್ಕೀ ಕೈಗೆ ಬಂದೊಡನೆ ಗಡಿಹಗ್ಗದ ಆಚೆ ಮನಸ್ಸು ಎಳೆಯುತ್ತದೆ. 2023ರ ಫೆಬ್ರವರಿ 1ರಂದು ಅಫರ್ವಾಟ್‌ನ ಹಾಪತ್‌ಖುಡ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್‌ನ ಇಬ್ಬರು ತೀರಿಕೊಂಡರು. ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ಸಂಕೇತ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮತ್ತು ಅವುಗಳ ಬಳಕೆ ಬಲ್ಲ ಜೊತೆಗಾರ ಇಲ್ಲದಿದ್ದರೆ ಗಸ್ತು ಇರುವ ಇಳಿಜಾರು ಬಿಟ್ಟು ಹೋಗಬೇಡಿ. ಹಣ ಸಾಲದಿದ್ದರೆ ಸ್ಕೀ ಬಾಡಿಗೆಗೆ ತೆಗೆದುಕೊಂಡು ಇವನ್ನು ಕೊಳ್ಳಿ.

ಸಾಗಣೆಗೂ ಲೆಕ್ಕ ಬೇಕು. ಬೈಂಡಿಂಗ್ ಸಮೇತ ಒಂದು ಜೋಡಿ ಆರು ಕೆ.ಜಿ. ಆಸುಪಾಸು, ಬೂಟು ಸುಮಾರು ನಾಲ್ಕು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವ 15 ಕೆ.ಜಿ.ಯಲ್ಲಿ ಬಟ್ಟೆಗೆ ಜಾಗ ಉಳಿಯುವುದು ಅಷ್ಟಕ್ಕಷ್ಟೇ.

ಕೊನೆಗೆ ನಮ್ಮ ಮಳೆಗಾಲ. ಸ್ಕೀ ಅಂಚು ಉಕ್ಕು; ಜೂನ್ ತಿಂಗಳ ಗಾಳಿಗೇ ತುಕ್ಕು ಹಿಡಿಯುತ್ತದೆ. ಊರಿಗೆ ಬಂದ ವಾರವೇ ಒರೆಸಿ ಒಣಗಿಸಿ, ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಕರಗಿಸಿ ಹಚ್ಚಿ, ಹೆರೆಯದೆ ಹಾಗೆಯೇ ಬಿಡಿ. ಮುಂದಿನ ಚಳಿಗಾಲ ಹೊರಡುವಾಗ ಹೆರೆದರಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ಬೂಟಿನ ಒಳಪದರ ಹೊರತೆಗೆದು ಬೇರೆಯಾಗಿ ಒಣಗಿಸಿ. ತೇವಕ್ಕೆ ವರ್ಷಗಟ್ಟಲೆ ಸಿಕ್ಕರೆ ಬೂಟಿನ ಪಾಲಿಯುರೆಥೇನ್ ಚಿಪ್ಪೇ ಬಿರಿಯುತ್ತದೆ. ಎರಡನೇ ಕೈ ಬೂಟು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ತಯಾರಾದ ವರ್ಷ ಕೇಳಿ.